ಗಗನದಲ್ಲೊಂದು ಹೊಲಿಗೆ

ಸೂರ್ಯ ಮುಳುಗಿ ಮುಕ್ಕಾಲು ಗಂಟೆ ಕಳೆದಿದೆ. ಹಾನಗಲ್ಲಿನ ಆನೆಕೆರೆಯ ಏರಿಯ ಮೇಲೆ ನಿಂತವನಿಗೆ ಕಾಲಬುಡದ ಹಾದಿ ಕಾಣದಷ್ಟು ಕತ್ತಲೆ ಕವಿದಿದ್ದರೂ ಪಡುವಣದ ಅಂಚಿನಲ್ಲಿ ಇನ್ನೂ ಸ್ವಲ್ಪ ಕೆಂಪು ಉಳಿದಿದೆ. ಆಗ ವಾಯವ್ಯ ಮೂಲೆಯಿಂದ ಒಂದು ಬೆಳಕಿನ ಚುಕ್ಕೆ ಮೇಲೇಳುತ್ತದೆ. ನಕ್ಷತ್ರದಂತೆ ಅದು ಮಿನುಗುವುದಿಲ್ಲ. ವಿಮಾನದಂತೆ ಸದ್ದು ಮಾಡುವುದಿಲ್ಲ. ಶುಕ್ರಗ್ರಹವನ್ನು ನೆನಪಿಗೆ ತರುವ ಹೊಳಪಿನಿಂದ ನೆತ್ತಿಯ ಬಳಿಗೇರಿ, ಆಗ್ನೇಯದ ಕಡೆಗೆ ಇಳಿಯತೊಡಗಿ, ದಿಗಂತವನ್ನು ಮುಟ್ಟುವ ಮೊದಲೇ, ಯಾರೋ ದೀಪದ ಬತ್ತಿಯನ್ನು ಇಳಿಸಿದಂತೆ ಮಂಕಾಗಿ ಮರೆಯಾಗುತ್ತದೆ. ಐದಾರು ನಿಮಿಷಗಳಲ್ಲಿ ಎಲ್ಲವೂ ಮುಗಿಯುತ್ತದೆ.

ಇದೇ ಚುಕ್ಕೆಯನ್ನು ಶಿಗ್ಗಾಂವಿಯ ಹೆದ್ದಾರಿಯ ಬದಿಯಲ್ಲಿ ಲಾರಿ ನಿಲ್ಲಿಸಿಕೊಂಡವನು ನೋಡಬಲ್ಲನು. ಸವಣೂರಿನ ದೊಡ್ಡ ಹುಣಸೆಮರಗಳ ಬಳಿ ನಿಂತವನು ನೋಡಬಲ್ಲನು. ಹಿರೇಕೆರೂರಿನ ಹೊಲದಲ್ಲಿ ಬೆಳೆ ಕಾಯುತ್ತಿರುವವನೂ ನೋಡಬಲ್ಲನು. ನಾಲ್ವರೂ ನೋಡುವುದು ಒಂದೇ ವಸ್ತುವನ್ನು, ಹೆಚ್ಚು ಕಡಿಮೆ ಒಂದೇ ಕ್ಷಣದಲ್ಲಿ. ಅದು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ. ನೆಲದಿಂದ ಅದರ ಎತ್ತರ ಸುಮಾರು 400 ಕಿಲೋಮೀಟರ್. ಹಾನಗಲ್ಲಿನಿಂದ ಬೆಂಗಳೂರಿಗೆ ರಸ್ತೆಯಲ್ಲಿ ಎಷ್ಟು ದೂರವೋ ಅದಕ್ಕಿಂತ ತುಸು ಹೆಚ್ಚು ದೂರ ನೆಟ್ಟಗೆ ಮೇಲಕ್ಕೆ ಹೋದರೆ ಅಲ್ಲಿಗೆ ತಲುಪಬಹುದು. ಆದರೆ ಅದರ ವೇಗ ಗಂಟೆಗೆ ಸುಮಾರು 28,000 ಕಿಲೋಮೀಟರ್. ಸವಣೂರಿನಿಂದ ಹಿರೇಕೆರೂರಿಗೆ ಎಷ್ಟು ದೂರವೋ ಅಷ್ಟು ದೂರವನ್ನು ದಾಟಲು ಅದಕ್ಕೆ ಸುಮಾರು ಎಂಟು ಸೆಕೆಂಡು ಸಾಕು. ನೆಲದ ಮೇಲೆ ಇರುಳಾಗಿದ್ದರೂ ಅಷ್ಟೆತ್ತರದಲ್ಲಿ ಇನ್ನೂ ಬಿಸಿಲಿರುತ್ತದೆ. ಆ ಬಿಸಿಲು ಅದರ ವಿಶಾಲ ಫಲಕಗಳ ಮೇಲೆ ಬಿದ್ದು ನಮ್ಮ ಕಣ್ಣಿಗೆ ಹೊಳಪಾಗಿ ಬರುತ್ತದೆ. ಭೂಮಿಯ ನೆರಳನ್ನು ಹೊಕ್ಕೊಡನೆ ಚುಕ್ಕೆ ಆರುತ್ತದೆ.

ಈ ಬೆಳಕನ್ನು ನೋಡಿ ‘ಯಾವುದೋ ದೊಡ್ಡ ಯಂತ್ರ’ ಎಂದು ಹೇಳಿ ಮನೆಗೆ ಹೋಗುವುದು ಸುಲಭ. ಆದರೆ ಅದು ಕಾರ್ಖಾನೆಯಲ್ಲಿ ಸಿದ್ಧವಾಗಿ ಮೇಲಕ್ಕೆ ಹಾರಿಸಲ್ಪಟ್ಟ ಯಂತ್ರವಲ್ಲ. ಅದನ್ನು ಮೇಲೆಯೇ, ಬಿಡಿ ಬಿಡಿಯಾಗಿ, ಮನುಷ್ಯರು ಕೈಯಿಂದ ಕಟ್ಟಿದರು. ಕಟ್ಟುವಾಗ ಅದು ಒಮ್ಮೆ ಹರಿಯಿತು. ಹರಿದುದನ್ನು ಒಬ್ಬನು ಹೊರಗೆ ಹೋಗಿ ಹೊಲಿದನು. ಆ ಕೆಲಸವನ್ನು ಲೋಕದ ಜನರು ನಡೆಯುತ್ತಿರುವಾಗಲೇ ಕೂತು ನೋಡಿದರು. ಆ ಒಂದು ದಿನದ ಕಥೆಯನ್ನು ನಮ್ಮ ಗಡಿಯಾರಕ್ಕೆ ಹೊಂದಿಸಿಕೊಂಡು ಇಲ್ಲಿ ಹೇಳಬೇಕಾಗಿದೆ.

ಬಿಡಿಬಿಡಿಯಾಗಿ ಕಟ್ಟಿದ ಮನೆ

ಹಾನಗಲ್ಲಿನ ತಾರಕೇಶ್ವರ ದೇವಾಲಯದ ಛಾವಣಿಯಲ್ಲಿರುವ ಕಲ್ಲಿನ ಕಮಲವನ್ನು ನೋಡದವರು ಆ ಊರಿನಲ್ಲಿ ವಿರಳ. ಅದೊಂದು ಏಕಶಿಲೆಯಲ್ಲ. ಚಾಲುಕ್ಯರ ಕಾಲದ ಶಿಲ್ಪಿಗಳು ಒಂದೊಂದು ಕಲ್ಲನ್ನೂ ಅಳತೆಗೆ ಕಡೆದು, ಗಾರೆಯ ಹಂಗಿಲ್ಲದೆ ಒಂದರ ಮೇಲೊಂದು ಕೂಡಿಸಿದರು. ಅಳತೆ ಬೆರಳಿನಷ್ಟು ತಪ್ಪಿದರೂ ಕಲ್ಲು ಕೂಡುತ್ತಿರಲಿಲ್ಲ.

ಬಾಹ್ಯಾಕಾಶ ನಿಲ್ದಾಣದ ರಚನೆಯೂ ಇದೇ ಬಗೆಯದು. ಅದರ ಒಟ್ಟು ತೂಕ 400 ಟನ್ನುಗಳಿಗೂ ಮಿಗಿಲು. ಉದ್ದ 109 ಮೀಟರ್. ಅಷ್ಟು ಭಾರವನ್ನು ಒಂದೇ ಏಟಿಗೆ ಎತ್ತಬಲ್ಲ ರಾಕೆಟ್ಟು ಇಲ್ಲ. ಆದುದರಿಂದ ಭಾಗಗಳನ್ನು ಬೇರೆ ಬೇರೆ ದೇಶಗಳಲ್ಲಿ ಮಾಡಿ, ಬೇರೆ ಬೇರೆ ಸಲ ಮೇಲೆ ಕಳಿಸಿದರು. ರಷ್ಯದಲ್ಲಿ ತಯಾರಾದ ‘ಜರ್ಯಾ’ ಎಂಬ ಮೊದಲ ಭಾಗ 1998ರ ನವೆಂಬರ್ 20ರಂದು ಹಾರಿತು. ಅಮೆರಿಕದ ‘ಯೂನಿಟಿ’ ಎಂಬ ಎರಡನೆಯ ಭಾಗವನ್ನು ಡಿಸೆಂಬರ್ 4ರಂದು ಎಂಡೆವರ್ ನೌಕೆ ಹೊತ್ತು ಹೋಯಿತು. ಈ ಎರಡೂ ಮೊದಲ ಸಲ ಒಂದನ್ನೊಂದು ಮುಟ್ಟಿದುದು ಆಕಾಶದಲ್ಲಿಯೇ. ಮುಟ್ಟಿದರೆ ಸಾಲದು; ಒಂದರ ವಿದ್ಯುತ್ತು ಇನ್ನೊಂದಕ್ಕೆ ಹರಿಯಬೇಕು. ಡಿಸೆಂಬರ್ 7ರಂದು ಜೆರಿ ರಾಸ್ ಮತ್ತು ಜೇಮ್ಸ್ ನ್ಯೂಮನ್ ಎಂಬಿಬ್ಬರು ಹೊರಗೆ ಹೋಗಿ, ಏಳು ಗಂಟೆಗಳಿಗೂ ಹೆಚ್ಚು ಕಾಲ ದುಡಿದು, ಸುಮಾರು 40 ತಂತಿ–ಕೊಂಡಿಗಳನ್ನು ಕೂಡಿಸಿದರು. ನಿಲ್ದಾಣದ ಕಟ್ಟಡದಲ್ಲಿ ಮನುಷ್ಯನ ಕೈ ಬಿದ್ದುದು ಅಂದೇ ಮೊದಲು. ಅಂದಿನಿಂದ ಇಂದಿನವರೆಗೆ ಆ ನಿಲ್ದಾಣದ ಕಟ್ಟಡಕ್ಕೂ ದುರಸ್ತಿಗೂ ಇಂಥ ಹೊರಗಿನ ಪಯಣಗಳು 270ಕ್ಕೂ ಹೆಚ್ಚು ನಡೆದಿವೆ.

ಇದನ್ನು ‘ಬಾಹ್ಯಾಕಾಶ ನಡಿಗೆ’ ಎಂದು ಕರೆಯುವುದು ರೂಢಿ. ವಾಸ್ತವವಾಗಿ ಅದರಲ್ಲಿ ನಡಿಗೆಯ ಅಂಶ ಎಳ್ಳಷ್ಟೂ ಇಲ್ಲ. ಅಲ್ಲಿ ಕಾಲಿಗೆ ಕೆಲಸವಿಲ್ಲ. ನಿಲ್ದಾಣದ ಮೈಮೇಲಿರುವ ಹಿಡಿಗಂಬಿಗಳನ್ನು ಒಂದಾದಮೇಲೊಂದು ಹಿಡಿದು ಕೈಗಳಿಂದಲೇ ಮುಂದೆ ಸಾಗಬೇಕು. ಬಾವಿಗೆ ಹಗ್ಗ ಹಿಡಿದು ಇಳಿಯುವವನಿಗೆ ಅದು ಅರ್ಥವಾದೀತು. ಆದರೆ ಈ ಬಾವಿಗೆ ತಳವಿಲ್ಲ.

ತಿರುಪು ತಿರುಗಿಸುವ ಕಷ್ಟ

ಸೈಕಲ್ಲಿನ ಚಕ್ರದ ನಟ್ಟನ್ನು ಬಿಗಿಮಾಡುವುದು ಹತ್ತು ವರ್ಷದ ಹುಡುಗನಿಗೂ ಬರುತ್ತದೆ. ಅವನ ಪಾದಗಳು ನೆಲವನ್ನು ಒತ್ತಿ ಹಿಡಿದಿರುವುದರಿಂದ ಅವನು ತಿರುಗಿಸಿದಾಗ ನಟ್ಟು ತಿರುಗುತ್ತದೆ. ಪ್ರತಿಯೊಂದು ಕ್ರಿಯೆಗೂ ಸಮನಾದ ಮತ್ತು ವಿರುದ್ಧವಾದ ಪ್ರತಿಕ್ರಿಯೆ ಉಂಟೆಂದು ನ್ಯೂಟನ್ ಹೇಳಿದ ನಿಯಮವನ್ನು ಭೂಮಿಯೇ ತನ್ನ ಮೇಲೆ ಹೊತ್ತುಕೊಂಡು ನಮಗೆ ಉಪಕಾರ ಮಾಡುತ್ತದೆ. ತೇಲುತ್ತಿರುವವನಿಗೆ ಈ ಉಪಕಾರವಿಲ್ಲ. ಅವನು ನಟ್ಟನ್ನು ಬಲಕ್ಕೆ ತಿರುಗಿಸಿದರೆ ನಟ್ಟು ಅಲುಗದೆ ಅವನೇ ಎಡಕ್ಕೆ ತಿರುಗುತ್ತಾನೆ.

ಈ ಪಾಠವನ್ನು ಮನುಷ್ಯ ಕಷ್ಟಪಟ್ಟೇ ಕಲಿಯಬೇಕಾಯಿತು. 1965ರ ಮಾರ್ಚ್ 18ರಂದು ರಷ್ಯದ ಅಲೆಕ್ಸಿ ಲಿಯೊನೊವ್ ಮೊದಲ ಸಲ ನೌಕೆಯಿಂದ ಹೊರಬಂದಾಗ ಹೊರಗಿದ್ದುದು ಹನ್ನೆರಡು ನಿಮಿಷ ಮಾತ್ರ. ಅಷ್ಟರಲ್ಲಿ ಅವನ ಉಡುಪು ನಿರ್ವಾತದಲ್ಲಿ ಉಬ್ಬಿ, ಮರಳಿ ಬಾಗಿಲಲ್ಲಿ ತೂರಲು ಅಸಾಧ್ಯವಾಯಿತು. ಉಡುಪಿನೊಳಗಿನ ಒತ್ತಡವನ್ನು ತಾನೇ ಇಳಿಸಿಕೊಂಡು ಅವನು ಪ್ರಾಣ ಉಳಿಸಿಕೊಂಡನು. 1966ರ ಜೂನ್ ತಿಂಗಳಲ್ಲಿ ಅಮೆರಿಕದ ಯೂಜೀನ್ ಸರ್ನನ್ ಎರಡು ಗಂಟೆ ಹೊರಗೆ ಒದ್ದಾಡಿ, ಶಿರಸ್ತ್ರಾಣದ ಗಾಜು ಉಸಿರಿನ ಹಬೆಯಿಂದ ಮುಚ್ಚಿಹೋಗಿ, ಕಣ್ಣು ಕಾಣದೆ, ಬಳಲಿ ಒಳಗೆ ಬಂದನು. ಅದೇ ವರ್ಷ ನವೆಂಬರಿನಲ್ಲಿ ಬಜ್ ಆಲ್ಡ್ರಿನ್ ಇದಕ್ಕೆ ಉತ್ತರ ಕಂಡುಕೊಂಡನು. ಅವನು ನೀರಿನಲ್ಲಿ ಮುಳುಗಿ ಅಭ್ಯಾಸ ಮಾಡಿದ್ದನು. ಪಾದಗಳನ್ನು ಸಿಕ್ಕಿಸಿಕೊಳ್ಳಲು ಹಿಡಿಕೆಗಳನ್ನು ಇರಿಸಿಕೊಂಡಿದ್ದನು. ಅವಸರವಿಲ್ಲದೆ, ನಡುನಡುವೆ ವಿಶ್ರಮಿಸುತ್ತ ಕೆಲಸ ಮಾಡಿದನು. ಇಂದು ಹೂಸ್ಟನ್ ನಗರದಲ್ಲಿ 62 ಮೀಟರ್ ಉದ್ದ, 12 ಮೀಟರ್ ಆಳದ ಒಂದು ಕೊಳದಲ್ಲಿ ನಿಲ್ದಾಣದ ಮಾದರಿಯನ್ನೇ ಮುಳುಗಿಸಿಟ್ಟಿದ್ದಾರೆ. ಆಕಾಶದಲ್ಲಿ ಒಂದು ಗಂಟೆ ಮಾಡಬೇಕಾದ ಕೆಲಸವನ್ನು ಆ ನೀರಿನಲ್ಲಿ ಹಲವು ಗಂಟೆಗಳ ಕಾಲ ಮಾಡಿ ಪಳಗುತ್ತಾರೆ.

ಉಡುಪಿನ ವಿಚಾರವನ್ನೂ ಸ್ವಲ್ಪ ಹೇಳಬೇಕು. ಅದನ್ನು ಬಟ್ಟೆ ಎನ್ನುವುದಕ್ಕಿಂತ ಮನುಷ್ಯನ ಆಕಾರದ ಒಂದು ಸಣ್ಣ ನೌಕೆ ಎನ್ನುವುದು ಸರಿ. ಬಿಸಿಲು ಬಿದ್ದೆಡೆ ಉಷ್ಣತೆ 120 ಡಿಗ್ರಿಯವರೆಗೆ ಏರುತ್ತದೆ. ನೆರಳಿನಲ್ಲಿ ಸೊನ್ನೆಗಿಂತ ನೂರು ಡಿಗ್ರಿಗೂ ಕೆಳಗೆ ಇಳಿಯುತ್ತದೆ. ಹತ್ತಕ್ಕೂ ಹೆಚ್ಚು ಪದರಗಳು ಈ ಎರಡರಿಂದಲೂ ಅವನನ್ನು ಕಾಯುತ್ತವೆ. ಒಳಗೆ ಮೈಗಂಟಿದ ಅಂಗಿಯಲ್ಲಿ ಸುಮಾರು 90 ಮೀಟರ್ ಉದ್ದದ ತೆಳುನಳಿಗೆಗಳಲ್ಲಿ ತಣ್ಣೀರು ಹರಿಯುತ್ತಿರುತ್ತದೆ. ಉಸಿರಾಟಕ್ಕೆ ಶುದ್ಧ ಆಮ್ಲಜನಕ. ಅದರ ಒತ್ತಡ ನಮ್ಮ ಸುತ್ತಣ ಗಾಳಿಯ ಒತ್ತಡದ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಅದಕ್ಕಿಂತ ಹೆಚ್ಚಿಸಿದರೆ ಉಡುಪು ಬಿಗಿದ ಚೆಂಡಿನಂತಾಗಿ ಬೆರಳು ಮಡಿಸಲಿಕ್ಕೂ ಆಗದು. ಈಗಲೂ ಬೆರಳು ಮಡಿಸುವುದೆಂದರೆ ಪ್ರತಿ ಸಲವೂ ಗಾಳಿ ತುಂಬಿದ ಚೆಂಡನ್ನು ಹಿಸುಕಿದಷ್ಟು ಶ್ರಮ. ಏಳು ಗಂಟೆ ಹಾಗೆ ಹಿಸುಕುತ್ತಿದ್ದರೆ ಅಂಗೈ ಏನಾದೀತೆಂದು ಕುಡುಗೋಲು ಹಿಡಿದು ದಿನವಿಡೀ ಕೊಯ್ಲು ಮಾಡಿದವರು ಊಹಿಸಬಲ್ಲರು.

ಒತ್ತಡ ಒಮ್ಮೆಲೆ ಇಳಿದರೆ ರಕ್ತದಲ್ಲಿ ಕರಗಿರುವ ಸಾರಜನಕ ಗುಳ್ಳೆಗಟ್ಟುತ್ತದೆ. ಸೋಡಾ ಬಾಟಲಿಯ ಮುಚ್ಚಳ ತೆಗೆದಾಗ ಗುಳ್ಳೆಗಳು ಏಳುವುದು ಇದೇ ಕಾರಣದಿಂದ. ಹೀಗಾಗದಂತೆ, ಹೊರಗೆ ಹೋಗುವವರು ಎರಡು ಬಾಗಿಲುಗಳ ನಡುಕೋಣೆಯಲ್ಲಿ ಹಿಂದಿನ ರಾತ್ರಿಯೇ ಕಡಿಮೆ ಒತ್ತಡದಲ್ಲಿ ಮಲಗುವ ಪದ್ಧತಿಯನ್ನು ನಿಲ್ದಾಣ ಕಟ್ಟುವ ಕಾಲದಲ್ಲಿ ಅನುಸರಿಸಿದರು.

ಹರಿದ ರೆಕ್ಕೆ

ಇನ್ನು ಆ ದಿನದ ಕಥೆಗೆ ಬರೋಣ. ನಿಲ್ದಾಣಕ್ಕೆ ವಿದ್ಯುತ್ತನ್ನು ಕೊಡುವುದು ಅದರ ಸೌರಫಲಕಗಳು. ಒಂದೊಂದು ಫಲಕದ ರೆಕ್ಕೆಯೂ ಸುಮಾರು 35 ಮೀಟರ್ ಉದ್ದ, 12 ಮೀಟರ್ ಅಗಲ. ದಪ್ಪವಾದರೋ ಕಂಬಳಿಗಿಂತ ತೆಳು. ಮೊದಲ ಜೋಡಿಯನ್ನು 2000ದ ಡಿಸೆಂಬರಿನಲ್ಲಿ ತಾತ್ಕಾಲಿಕವಾದ ಜಾಗದಲ್ಲಿ ನಿಲ್ಲಿಸಿದ್ದರು. ಕಟ್ಟಡ ಬೆಳೆದಂತೆ ಅದನ್ನು ಮಡಿಸಿ, 2007ರ ಅಕ್ಟೋಬರ್ ಕೊನೆಯಲ್ಲಿ ಉದ್ದನೆಯ ಅಡ್ಡತೊಲೆಯ ತುತ್ತತುದಿಗೆ ಸಾಗಿಸಿದರು. ಅಕ್ಟೋಬರ್ 30ರಂದು ಮತ್ತೆ ಬಿಚ್ಚತೊಡಗಿದರು. ಒಂದು ರೆಕ್ಕೆ ಸರಾಗವಾಗಿ ಬಿಚ್ಚಿತು. ಎರಡನೆಯದು ಮುಕ್ಕಾಲಿಗೂ ಹೆಚ್ಚು ಬಿಚ್ಚಿದ್ದಾಗ ಒಳಗಿನಿಂದ ನೋಡುತ್ತಿದ್ದವರು ಗಾಬರಿಯಾಗಿ ಯಂತ್ರವನ್ನು ನಿಲ್ಲಿಸಿದರು. ಒಂದು ಸಣ್ಣ ತಂತಿ ಸಿಕ್ಕಿಕೊಂಡು ಫಲಕ ಎರಡು ಕಡೆ ಹರಿದಿತ್ತು. ದೊಡ್ಡ ಹರಕು ಒಂದು ಗೇಣಲ್ಲ, ಎರಡೂವರೆ ಅಡಿ.

ಈಗ ಅದನ್ನು ಬಿಚ್ಚುವಂತಿಲ್ಲ, ಮಡಿಸುವಂತೆಯೂ ಇಲ್ಲ. ಅರೆಬಿಚ್ಚಿದ ರೆಕ್ಕೆಗೆ ಬಲವಿಲ್ಲ. ನೌಕೆಗಳು ಬಂದು ಕೂಡುವಾಗಿನ ಕುಲುಕಾಟವನ್ನು ಅದು ತಾಳದು. ಸರಿಪಡಿಸಲಾಗದಿದ್ದರೆ ಕತ್ತರಿಸಿ ಬಿಸಾಡಬೇಕಾದೀತು ಎಂಬ ಮಾತೂ ಬಂದಿತು. ಬಿಸಾಡಿದರೆ ಅಷ್ಟು ವಿದ್ಯುತ್ತು ಹೋಯಿತು. ಮುಂದೆ ಯುರೋಪು ಮತ್ತು ಜಪಾನುಗಳಿಂದ ಬರಬೇಕಾಗಿದ್ದ ಪ್ರಯೋಗಶಾಲೆಗಳಿಗೆ ದೀಪ ಹಚ್ಚುವುದೆಲ್ಲಿಂದ?

ಕೆಳಗೆ ನೆಲದ ಮೇಲಿನ ಎಂಜಿನಿಯರುಗಳು ಹಗಲಿರುಳೆನ್ನದೆ ಕುಳಿತು ಒಂದು ಉಪಾಯ ಹೂಡಿದರು. ನಿಲ್ದಾಣದೊಳಗೆ ಏನಿದೆ? ತಂತಿಯ ಚೂರುಗಳಿವೆ, ಅಲ್ಯುಮಿನಿಯಂ ಪಟ್ಟಿಗಳಿವೆ, ಅಂಟುಪಟ್ಟಿಗಳಿವೆ. ಇವುಗಳಿಂದ ಐದು ಕೊಂಡಿಗಳನ್ನು ಮಾಡಬೇಕು. ಎರಡು ತುದಿಗಳಲ್ಲೂ ಅಡ್ಡಪಟ್ಟಿಯಿರುವ ತಂತಿ. ಫಲಕದಲ್ಲಿ ಮೊದಲೇ ಇರುವ ರಂಧ್ರದಲ್ಲಿ ಪಟ್ಟಿಯನ್ನು ತೂರಿಸಿ ಅಡ್ಡಕ್ಕೆ ತಿರುಗಿಸಿದರೆ ಅದು ಹೊರಬರದು. ಅಂಗಿಯ ತೋಳಿಗೆ ಸಿಕ್ಕಿಸುವ ಜೋಡುಗುಂಡಿಯ ಹೆಸರನ್ನೇ ಅದಕ್ಕೆ ಇಟ್ಟರು. ಹಿಗ್ಗುವ ಎಳೆತವನ್ನು ಹರಿದ ಬಟ್ಟೆಯ ಬದಲು ಈ ತಂತಿಗಳು ಹೊರಬೇಕೆಂಬುದು ತಂತ್ರ. ನಮ್ಮ ಕಡೆಯ ತಾಯಂದಿರು ಕೌದಿ ಹೊಲಿಯುವಾಗ ಹಳೆಯ ಸೀರೆಯ ಹರಕಿನ ಮೇಲೆ ಅಡ್ಡದಾರ ಹಾಕಿ ಬಲಪಡಿಸುವುದು ಇದೇ ವಿವೇಕದಿಂದ. ನಿಲ್ದಾಣದ ಒಳಗಿದ್ದವರು ಕೆಳಗಿನಿಂದ ಬಂದ ವಿವರಣೆಯನ್ನು ಓದಿಕೊಂಡು, ತಾವೇ ಕತ್ತರಿಸಿ ಮಡಿಸಿ ಈ ಕೊಂಡಿಗಳನ್ನು ಮಾಡಿದರು.

ಆದರೆ ಹರಕಿನ ಬಳಿಗೆ ಹೋಗುವುದು ಹೇಗೆ? ನಿಲ್ದಾಣದ ಯಂತ್ರಬಾಹು 17 ಮೀಟರಿಗೂ ಮಿಗಿಲು ಉದ್ದವಿದ್ದರೂ ಅಲ್ಲಿಗೆ ನಿಲುಕದು. ಡಿಸ್ಕವರಿ ನೌಕೆಯಲ್ಲಿ ಸುಮಾರು 15 ಮೀಟರ್ ಉದ್ದದ ಇನ್ನೊಂದು ಕೋಲಿತ್ತು. 2003ರ ಫೆಬ್ರವರಿ 1ರಂದು ಕೊಲಂಬಿಯಾ ನೌಕೆ ಮರಳುವಾಗ ಛಿದ್ರವಾಗಿ, ಕರ್ನಾಲಿನ ಕಲ್ಪನಾ ಚಾವ್ಲಾ ಸೇರಿ ಏಳು ಜನರು ಮಡಿದರು. ಅಂಥ ಅನರ್ಥ ಮತ್ತೆ ಆಗದಿರಲೆಂದು, ನೌಕೆಯ ತಳದ ಹಂಚುಗಳನ್ನು ಆಕಾಶದಲ್ಲಿಯೇ ಪರೀಕ್ಷಿಸಲು ಆ ಕೋಲನ್ನು ಆಮೇಲೆ ಸೇರಿಸಿದ್ದರು. ಯಂತ್ರಬಾಹುವಿನ ತುದಿಗೆ ಈ ಕೋಲನ್ನು ಹಿಡಿಸಿ, ಕೋಲಿನ ತುದಿಗೆ ಮನುಷ್ಯನನ್ನು ನಿಲ್ಲಿಸುವುದೆಂದು ತೀರ್ಮಾನವಾಯಿತು. ಏಳು ಜನರ ಸಾವಿನಿಂದ ಕಲಿತ ಪಾಠದ ಮೇಲೆಯೇ ಎಂಟನೆಯವನೊಬ್ಬನು ನಿಂತನೆಂದರೆ ತಪ್ಪಾಗದು.

ಆ ಶನಿವಾರ

2007ರ ನವೆಂಬರ್ 3, ಶನಿವಾರ. ದೀಪಾವಳಿಗೆ ಇನ್ನೊಂದು ವಾರವಿತ್ತು. ಹಾನಗಲ್ಲಿನ ಕಡೆ ಭತ್ತದ ಕೊಯ್ಲು, ಹಿರೇಕೆರೂರಿನ ಕಡೆ ಗೋವಿನಜೋಳದ ತೆನೆ ಮುರಿಯುವ ಕಾಲ. ಶನಿವಾರದ ಬೆಳಗಿನ ಶಾಲೆ ಮುಗಿಸಿ ಮಕ್ಕಳು ಮನೆ ಸೇರಿ ಬಹಳ ಹೊತ್ತಾಗಿತ್ತು. ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ 3 ಗಂಟೆ 33 ನಿಮಿಷಕ್ಕೆ ಸ್ಕಾಟ್ ಪರಜಿನ್‌ಸ್ಕಿ ಮತ್ತು ಡಗ್ಲಸ್ ವೀಲಾಕ್ ಎಂಬಿಬ್ಬರು ಹೊರಗಿನ ಕೆಲಸವನ್ನು ಆರಂಭಿಸಿದರು. ಪರಜಿನ್‌ಸ್ಕಿ ವೃತ್ತಿಯಿಂದ ವೈದ್ಯ, ಎತ್ತರದ ಆಳು, ತೋಳುಗಳೂ ನೀಳ. ಈ ಕೆಲಸಕ್ಕೆ ಆ ನೀಳತೆ ಬೇಕಾಗಿಯೇ ಇತ್ತು.

ಅವನ ಶಿರಸ್ತ್ರಾಣದ ಮೇಲಿದ್ದ ಪುಟ್ಟ ಕ್ಯಾಮರಾ ಕಂಡುದನ್ನೆಲ್ಲ ಕೆಳಕ್ಕೆ ಕಳಿಸುತ್ತಿತ್ತು. ಚಿತ್ರವೂ ಮಾತೂ ನಿಲ್ದಾಣದಿಂದ ನೇರವಾಗಿ ಹೂಸ್ಟನ್ನಿಗೆ ಬರುವುದಿಲ್ಲ. ಮೊದಲು ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹಕ್ಕೆ ಏರಿ, ಅಲ್ಲಿಂದ ನೆಲಕ್ಕೆ ಇಳಿಯುತ್ತವೆ. ಅಷ್ಟು ಸುತ್ತಿ ಬಂದರೂ ತಡವಾಗುವುದು ಕಣ್ಣುಮುಚ್ಚಿ ತೆರೆಯುವಷ್ಟು. ನಡುನಡುವೆ ಉಪಗ್ರಹ ಮರೆಯಾದಾಗ ಪರದೆ ನೀಲಿಯಾಗುತ್ತದೆ, ಧ್ವನಿ ನಿಲ್ಲುತ್ತದೆ. ಅಮೆರಿಕದ ಬಾಹ್ಯಾಕಾಶ ಸಂಸ್ಥೆಯ ದೂರದರ್ಶನ ಅದನ್ನು ಯಾವ ಮುಚ್ಚುಮರೆಯೂ ಇಲ್ಲದೆ ಪ್ರಸಾರ ಮಾಡಿತು. ಅಂದು ನಮ್ಮ ತಾಲೂಕುಗಳಲ್ಲಿ ಅದನ್ನು ನೋಡುವ ಅನುಕೂಲ ಕೆಲವರಿಗೆ ಮಾತ್ರ ಇತ್ತು. ಇಂದಾದರೆ ಇಂಥ ಪ್ರಸಾರವನ್ನು ಸವಣೂರಿನ ಹುಡುಗಿಯೂ ಅಂಗೈಯ ಫೋನಿನಲ್ಲಿ ನೋಡಬಲ್ಲಳು.

ಮೊದಲ ಸಲ ನೋಡುವವರಿಗೆ ಬೇಸರವಾದೀತು. ಏನೂ ಆಗುತ್ತಿಲ್ಲವೆಂದೇ ಅನಿಸುತ್ತದೆ. ಯಂತ್ರಬಾಹು ಗಂಟೆಯ ಮುಳ್ಳಿನಂತೆ ಸರಿಯುತ್ತದೆ. ಒಳಗೆ ಕುಳಿತು ಅದನ್ನು ನಡೆಸುತ್ತಿದ್ದವರು ಸ್ಟೆಫನಿ ವಿಲ್ಸನ್ ಮತ್ತು ಡೇನಿಯಲ್ ಟಾನಿ. ಇನ್ನೊಂದು ಕಡೆ ಇಟಲಿಯ ಪಾವೊಲೊ ನೆಸ್ಪೊಲಿ ಕೈಯಲ್ಲಿ ಪಟ್ಟಿ ಹಿಡಿದು ಒಂದೊಂದೇ ಹೆಜ್ಜೆಯನ್ನು ಓದಿ ಹೇಳುತ್ತಾನೆ, ಹೊರಗಿನವನು ಅದನ್ನು ಮರುನುಡಿಯುತ್ತಾನೆ, ಆಮೇಲೆ ಮಾಡುತ್ತಾನೆ, ಮಾಡಿದೆನೆಂದು ಹೇಳುತ್ತಾನೆ. ಹಗ್ಗದ ಕೊಂಡಿ ಬಿಗಿದಿದೆಯೇ? ಬಿಗಿದಿದೆ. ಕೈಗವಸು ಹರಿದಿದೆಯೇ? ನೋಡಿದೆ, ಇಲ್ಲ. ಹೀಗೆಯೇ ಗಂಟೆಗಟ್ಟಲೆ. ಆದರೆ ಕೇಳುತ್ತ ಕೇಳುತ್ತ ಈ ಬೇಸರದ ಮಾತುಗಳೇ ಪ್ರಾಣರಕ್ಷೆಯೆಂಬುದು ಕೇಳುಗನಿಗೆ ತಿಳಿಯುತ್ತದೆ. 2008ರ ನವೆಂಬರ್ 18ರಂದು ಇನ್ನೊಬ್ಬ ಗಗನಯಾತ್ರಿಯ ಉಪಕರಣಗಳ ಚೀಲವೊಂದು ಕಟ್ಟಿಲ್ಲದೆ ಕೈಜಾರಿ ಹೋಯಿತು. ಅದು ಎಂಟು ತಿಂಗಳಿಗೂ ಹೆಚ್ಚು ಕಾಲ ಭೂಮಿಯನ್ನು ಸುತ್ತಿ, ಕೊನೆಗೆ ವಾತಾವರಣದಲ್ಲಿ ಉರಿದುಹೋಯಿತು. ಚೀಲದ ಬದಲು ಮನುಷ್ಯನೇ ಜಾರಿದ್ದರೆ?

ಪರಜಿನ್‌ಸ್ಕಿಯನ್ನು ಹೊತ್ತ ಕೋಲು ಕೊನೆಗೂ ಹರಕಿನ ಬಳಿ ನಿಂತಿತು. ಅಷ್ಟು ದೂರಕ್ಕೆ ಅಲ್ಲಿಯವರೆಗೆ ಆ ಬಗೆಯಲ್ಲಿ ಯಾರನ್ನೂ ಕಳಿಸಿರಲಿಲ್ಲ. ಉಡುಪಿನಲ್ಲಿ ಏನಾದರೂ ಕೆಟ್ಟರೆ ಮರಳಿ ಬಾಗಿಲು ಸೇರಲು ಬಹಳ ಹೊತ್ತು ಬೇಕಿತ್ತು. ಎದುರಿಗೆ ಇನ್ನೊಂದು ಅಪಾಯ. ಬಿಸಿಲು ಬಿದ್ದಿರುವಷ್ಟು ಕಾಲವೂ ಸೌರಫಲಕದಲ್ಲಿ ವಿದ್ಯುತ್ತು ಹುಟ್ಟುತ್ತಲೇ ಇರುತ್ತದೆ; ಅದನ್ನು ಆರಿಸುವ ಗುಂಡಿ ಇಲ್ಲ. ನೂರಕ್ಕೂ ಹೆಚ್ಚು ವೋಲ್ಟುಗಳು. ಉಡುಪಾದರೋ ಶುದ್ಧ ಆಮ್ಲಜನಕದಿಂದ ತುಂಬಿದೆ. ಒಂದು ಕಿಡಿ ಸಾಕು. ಆದುದರಿಂದ ಉಡುಪಿನ ಲೋಹದ ಭಾಗಗಳಿಗೂ ಉಪಕರಣಗಳಿಗೂ ವಿದ್ಯುತ್ತು ಹರಿಯದ ಪಟ್ಟಿಯನ್ನು ಸುತ್ತಿದ್ದರು. ತೂಗಾಡುವ ಫಲಕ ಮೈಗೆ ತಾಗದಂತೆ ತಳ್ಳಲು ಹಾಕಿ ದಾಂಡಿನ ಆಕಾರದ ಒಂದು ಕೋಲನ್ನೂ ಕೊಟ್ಟಿದ್ದರು.

ಅವನು ಮೊದಲು ಸಿಕ್ಕುಗಟ್ಟಿದ್ದ ತಂತಿಯನ್ನು ನೋಡಿ, ಎಲ್ಲಿ ಕತ್ತರಿಸಬೇಕೆಂದು ಒಳಗಿನವರೊಡನೆಯೂ ಕೆಳಗಿನವರೊಡನೆಯೂ ವಿಚಾರ ಮಾಡಿದನು. ಕತ್ತರಿಸಿದ ತಂತಿ ಒಮ್ಮೆಲೆ ಚಿಮ್ಮಿ ಸುತ್ತಿಕೊಳ್ಳದಂತೆ ವೀಲಾಕ್ ರೆಕ್ಕೆಯ ಬುಡದಲ್ಲಿ ನಿಂತು ಅದನ್ನು ಹಿಡಿತದಲ್ಲಿಟ್ಟುಕೊಂಡನು. ಆಮೇಲೆ ಕೊಂಡಿಗಳು. ಒಂದು ರಂಧ್ರ ಹುಡುಕಿ, ಅಡ್ಡಪಟ್ಟಿಯನ್ನು ತೂರಿಸಿ, ತಿರುಗಿಸಿ, ಎಳೆದು ನೋಡಿ, ಮತ್ತೆ ಇನ್ನೊಂದು ತುದಿ. ದಪ್ಪ ಕೈಗವಸು ತೊಟ್ಟ ಬೆರಳುಗಳಿಂದ ಗುಂಡಿಮನೆಗೆ ಗುಂಡಿ ಸಿಕ್ಕಿಸುವ ಕೆಲಸವನ್ನು ಮನೆಯಲ್ಲಿಯೇ ಒಮ್ಮೆ ಪ್ರಯತ್ನಿಸಿ ನೋಡಬಹುದು. ಹೀಗೆ ಒಂದು, ಎರಡು, ಐದು.

ಹಾವೇರಿ ಜಿಲ್ಲೆಯಲ್ಲಿ ಸಂಜೆ ಆರರ ಸುಮಾರಿಗೆ ಸೂರ್ಯ ಮುಳುಗಿದನು. ದನಗಳು ಕೊಟ್ಟಿಗೆಗೆ ಬಂದವು, ದೀಪ ಹತ್ತಿದವು, ಊಟಗಳಾದವು. ನಮಗೆ ಅಂದು ಒಂದೇ ಸೂರ್ಯಾಸ್ತ. ಅವರಿಗೋ ಒಂದೂವರೆ ಗಂಟೆಗೊಮ್ಮೆ ಬೆಳಗು, ಒಂದೂವರೆ ಗಂಟೆಗೊಮ್ಮೆ ಇರುಳು. ಅಷ್ಟರಲ್ಲಿ ಅವರು ಭೂಮಿಯನ್ನು ನಾಲ್ಕು ಸಲಕ್ಕೂ ಹೆಚ್ಚು ಸುತ್ತಿದ್ದರು. ಕೊನೆಯ ಕೊಂಡಿ ಕೂಡಿದ ಮೇಲೆ ಪರಜಿನ್‌ಸ್ಕಿ ಹಿಂದೆ ಸರಿದನು. ಒಳಗಿನವರು ಫಲಕವನ್ನು ತುಸು ತುಸುವೇ ಬಿಚ್ಚಿದರು: ಸ್ವಲ್ಪ ಬಿಚ್ಚುವುದು, ನಿಲ್ಲಿಸುವುದು, ನೋಡುವುದು, ಮತ್ತೆ ಸ್ವಲ್ಪ. ಕೊಂಡಿಗಳು ಬಿಗಿದವು, ಹರಕು ಮುಂದುವರಿಯಲಿಲ್ಲ, ರೆಕ್ಕೆ ಪೂರ್ಣವಾಗಿ ಚಾಚಿ ನಿಂತಿತು. ಇಬ್ಬರೂ ಒಳಗೆ ಬಂದು ಕೆಲಸ ಮುಗಿದಾಗ ನಮ್ಮಲ್ಲಿ ರಾತ್ರಿ 10 ಗಂಟೆ 52 ನಿಮಿಷ. ಒಟ್ಟು 7 ಗಂಟೆ 19 ನಿಮಿಷಗಳ ದುಡಿಮೆ.

ಮರುವರ್ಷವೇ ಯುರೋಪಿನ ಮತ್ತು ಜಪಾನಿನ ಪ್ರಯೋಗಶಾಲೆಗಳು ನಿಲ್ದಾಣವನ್ನು ಸೇರಿದವು. 2021ರಲ್ಲಿ ಆ ರೆಕ್ಕೆಯ ಮುಂದೆ ಹೊಸ ಮಾದರಿಯ ಫಲಕವೊಂದನ್ನು ಜೋಡಿಸಿದರು. ಆದರೆ ಹೊಲಿಗೆ ಹಾಕಿದ ಹಳೆಯ ರೆಕ್ಕೆಯನ್ನು ತೆಗೆಯಲಿಲ್ಲ.

ನಮ್ಮ ಪಾಲು

ಈ ಕಟ್ಟಡದ ಕೆಲಸದಲ್ಲಿ ಭಾರತೀಯ ಮೂಲದ ಒಂದು ಹೆಸರು ಎಲ್ಲರಿಗೂ ಪರಿಚಿತ. ಸುನೀತಾ ವಿಲಿಯಮ್ಸ್ ತಮ್ಮ ಮೊದಲ ಬಾಹ್ಯಾಕಾಶ ನಡಿಗೆಯನ್ನು ಮಾಡಿದುದು 2006ರ ಡಿಸೆಂಬರ್ 16ರಂದು, ನಿಲ್ದಾಣದ ವಿದ್ಯುತ್ ವ್ಯವಸ್ಥೆಯನ್ನು ಹೊಸದಾಗಿ ಜೋಡಿಸುವ ಕಾಲದಲ್ಲಿ. 2025ರ ಜನವರಿ 30ರ ವೇಳೆಗೆ ಅವರು ಒಂಬತ್ತು ಸಲ ಹೊರಗೆ ಹೋಗಿ ಒಟ್ಟು 62 ಗಂಟೆ 6 ನಿಮಿಷ ದುಡಿದಿದ್ದರು. ಅವರು ಅಮೆರಿಕದ ಪ್ರಜೆ. ಭಾರತದ ಪ್ರಜೆ ಇನ್ನೂ ಯಾರೂ ಹಾಗೆ ಹೊರಗೆ ಹೆಜ್ಜೆಯಿಟ್ಟಿಲ್ಲ.

ಆದರೆ ಮನೆ ಕಟ್ಟುವವನು ಮೊದಲು ಎರಡು ಕಲ್ಲುಗಳನ್ನು ಕೂಡಿಸಲು ಕಲಿಯಬೇಕು. ಆ ಪಾಠ ನಮ್ಮ ರಾಜ್ಯದಲ್ಲಿಯೇ ಆರಂಭವಾಗಿದೆ. 2024ರ ಡಿಸೆಂಬರ್ 30ರಂದು ಶ್ರೀಹರಿಕೋಟೆಯಿಂದ ಸುಮಾರು 220 ಕಿಲೋಗ್ರಾಂ ತೂಕದ ಎರಡು ಉಪಗ್ರಹಗಳು ಹಾರಿದವು. ಅವನ್ನು ಕೂಡಿಸುವ ಹೊಣೆ ಬೆಂಗಳೂರಿನಲ್ಲಿರುವ ಇಸ್ರೋದ ನಿಯಂತ್ರಣ ಕೇಂದ್ರದ್ದು. ಜನವರಿ 7ಕ್ಕೆ ನಿಗದಿಯಾಗಿದ್ದುದನ್ನು 9ಕ್ಕೆ, ಮತ್ತೆ ಮುಂದಕ್ಕೆ ಹಾಕಿದರು. 12ರಂದು ಅವೆರಡನ್ನು ಮೂರು ಮೀಟರ್ ಅಂತರದವರೆಗೆ ತಂದು, ಕೂಡಿಸದೆ ಹಿಂದಕ್ಕೆ ಸರಿಸಿದರು. ಪತ್ರಿಕೆಗಳನ್ನು ಓದುತ್ತಿದ್ದ ಹಲವರಿಗೆ ಇದು ಸೋಲಿನಂತೆ ತೋರಿತು. ಈ ಲೇಖನವನ್ನು ಇಲ್ಲಿಯವರೆಗೆ ಓದಿದವರಿಗೆ ಹಾಗೆ ತೋರಲಾರದು. ನಿಲ್ಲಿಸುವುದು, ನೋಡುವುದು, ಮತ್ತೆ ಸ್ವಲ್ಪ ಮುಂದೆ ಹೋಗುವುದು: ಇದೇ ಆ ಕಸುಬಿನ ರೀತಿ. 2025ರ ಜನವರಿ 16ರಂದು ಎರಡೂ ಉಪಗ್ರಹಗಳು ಒಂದಾದವು. ಇದನ್ನು ಸಾಧಿಸಿದ ದೇಶಗಳಲ್ಲಿ ಭಾರತ ನಾಲ್ಕನೆಯದು. ಮಾರ್ಚ್ 13ರಂದು ಅವನ್ನು ಕೆಡದಂತೆ ಬಿಡಿಸಿಯೂ ತೋರಿಸಿದರು. ನಮ್ಮದೇ ನಿಲ್ದಾಣದ ಮೊದಲ ಭಾಗವನ್ನು 2028ರಲ್ಲಿ ಮೇಲೆ ಕಳಿಸಿ, 2035ರ ಹೊತ್ತಿಗೆ ಕಟ್ಟಡವನ್ನು ಪೂರೈಸಬೇಕೆಂಬುದು ಭಾರತದ ಯೋಜನೆ.

ಇನ್ನೊಂದು ಸಂಗತಿ ಹಾವೇರಿಯ ರೈತನಿಗೆ ಇನ್ನೂ ಹತ್ತಿರದ್ದು. 2025ರ ಜೂನ್ 26ರಂದು ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ನಿಲ್ದಾಣವನ್ನು ಹೊಕ್ಕ ಮೊದಲ ಭಾರತೀಯನಾದಾಗ, ಅಲ್ಲಿ ಮಾಡಬೇಕಾದ ಪ್ರಯೋಗಗಳಲ್ಲಿ ಧಾರವಾಡದ್ದೂ ಒಂದಿತ್ತು. ಧಾರವಾಡದ ಕೃಷಿ ವಿಶ್ವವಿದ್ಯಾನಿಲಯವೂ ಅಲ್ಲಿಯ ಐಐಟಿಯೂ ಕೂಡಿ ರೂಪಿಸಿದ ಪ್ರಯೋಗ ಅದು. ಹೆಸರುಕಾಳು ಮತ್ತು ಮೆಂತ್ಯವನ್ನು ತೂಕವಿಲ್ಲದ ಸ್ಥಿತಿಯಲ್ಲಿ ಮೊಳೆಯಿಸಿ ನೋಡುವುದು ಅದರ ಉದ್ದೇಶ. ದೀರ್ಘಕಾಲ ಅಲ್ಲಿರುವವರಿಗೆ ಹಸಿ ಆಹಾರ ಬೇಕಲ್ಲವೇ? ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳೆಲ್ಲ ಆ ವಿಶ್ವವಿದ್ಯಾನಿಲಯದ ವ್ಯಾಪ್ತಿಗೇ ಸೇರಿದವು. ಇಲ್ಲಿಯ ಪ್ರತಿಯೊಂದು ಅಡಿಗೆಮನೆಯಲ್ಲೂ ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳೆಯಿಸುವ ಆ ಕಾಳು ಮೇಲೆಯೂ ಮೊಳೆಯಿತು. ಮೊಳಕೆಗಳನ್ನು ಅಭ್ಯಾಸಕ್ಕಾಗಿ ಕೆಳಗೆ ತಂದರು. ಆ ಮನೆಯ ದೀಪಗಳಿಗೂ ಯಂತ್ರಗಳಿಗೂ ಬೇಕಾದ ವಿದ್ಯುತ್ತನ್ನು ಒದಗಿಸುವ ರೆಕ್ಕೆಗಳ ಸಾಲಿನಲ್ಲಿಯೇ, ಐದು ತಂತಿಯ ಹೊಲಿಗೆ ಹಾಕಿದ ಆ ಹಳೆಯ ರೆಕ್ಕೆಯೂ ಉಂಟು.

ನಿಲ್ದಾಣ ನಮ್ಮ ಊರಿನ ಮೇಲೆ ಹಾಯುವ ದಿನ, ಗಳಿಗೆ, ದಿಕ್ಕುಗಳನ್ನು ಅಂತರಜಾಲದಲ್ಲಿ ಮುಂಚಿತವಾಗಿ ಪ್ರಕಟಿಸುತ್ತಾರೆ. ದೂರದರ್ಶಕ ಬೇಕಿಲ್ಲ; ಮೋಡವಿಲ್ಲದ ಆಕಾಶ ಸಾಕು. ಮುಂದಿನ ಸಲ ಆ ಚುಕ್ಕೆ ಕಂಡಾಗ ಮನೆಯ ಮಕ್ಕಳನ್ನು ಹೊರಗೆ ಕರೆಯಿರಿ. ನಮ್ಮ ನಿಲ್ದಾಣದ ಮೊದಲ ತಿರುಪನ್ನು ಬಿಗಿಯುವ ಕೈ ಈಗ ಯಾವ ಊರಿನ ಅಂಗಳದಲ್ಲಿ ಗೋಲಿ ಆಡುತ್ತಿದೆಯೋ ಯಾರು ಬಲ್ಲರು? ಅದು ಆನೆಕೆರೆಯ ಏರಿಯ ಮೇಲೆ ನಿಂತು ಬೆರಳು ತೋರಿಸುತ್ತಿರುವ ಕೈಯೇ ಆಗಿರಬಹುದು.